ಊರಿಗೆ ಉಪಕಾರಿ

ಶಿವಶರಣಪ್ಪನವರಿಗೆ ತೆಲುಗು ಬರುತ್ತಿರಲಿಲ್ಲ ಎಂದರೆ ಪೂರ್ತಿ ಸರಿಯಾಗುವುದಿಲ್ಲ. ಬರುತ್ತದೆ ಎಂದು ಅವರು ತಿಳಿದುಕೊಂಡಿದ್ದರು, ಎಲ್ಲ ರಗಳೆಯೂ ಶುರುವಾದದ್ದು ಅಲ್ಲಿಂದಲೇ.

ಹೈದರಾಬಾದಿನಲ್ಲಿ ಅವರದು ಒಂದು ಆಯುಷ್ಯವೇ ಕಳೆದಿತ್ತು. ಆದರೆ ಕಳೆದದ್ದು ಸರಕಾರದ ಟರ್ಬೈನ್ ಕಾರಖಾನೆಯ ಟೌನ್‌ಶಿಪ್ಪಿನಲ್ಲಿ. ಗೇಟಿನ ಒಳಗೆ ಹಿಂದಿ, ಮನೆಯ ಒಳಗೆ ಕಲಬುರಗಿಯ ಕನ್ನಡ, ತರಕಾರಿ ಗಾಡಿಯ ಮುಂದೆ ದಖನಿ ಉರ್ದು; ತೆಲುಗಿಗೆ ಸರದಿಯೇ ಬಂದಿರಲಿಲ್ಲ. ನಿವೃತ್ತಿಯಾಗಿ ಮಣಿಕೊಂಡದ ಈ ಅಪಾರ್ಟ್‌ಮೆಂಟಿಗೆ ಬಂದರೆ ಸುತ್ತಲೂ ತೆಲುಗಿನವರು. ಶಿವಶರಣಪ್ಪನವರು ಪುಸ್ತಕ ಕೊಳ್ಳಲಿಲ್ಲ, ಯಾರನ್ನೂ ಕೇಳಲಿಲ್ಲ, ತಾವೇ ಒಂದು ಸಿದ್ಧಾಂತ ಕಟ್ಟಿಕೊಂಡರು. ಕನ್ನಡವನ್ನು ತುಸು ತಿರುವಿದರೆ ತೆಲುಗು. ಹಾಲು ಇದ್ದದ್ದು ಪಾಲು, ಹುಲಿ ಇದ್ದದ್ದು ಪುಲಿ, 'ಗೆ' ಇದ್ದಲ್ಲಿ 'ಕೆ' ಹಾಕಿ ಸ್ವಲ್ಪ ರಾಗ ಎಳೆದರೆ ಮುಗಿಯಿತು. ಹಾಲಿನಲ್ಲೂ ಹುಲಿಯಲ್ಲೂ ಸಿದ್ಧಾಂತ ಗೆದ್ದಿತ್ತು. ಸೋತದ್ದು ಕುರಡಗಿಯಲ್ಲಿ.

ಅದು ಏಪ್ರಿಲ್ ತಿಂಗಳ ಒಂದು ರವಿವಾರ. ಹೆಂಡತಿ ಶಿವದೇವಿ ತಮ್ಮ ತಂಗಿಯ ಮಗಳು ರಶ್ಮಿಯ ಮದುವೆಗೆ ಕುರಡಗಿ ಮಾಡಿ ಕಳಿಸುವುದಾಗಿ ಊರಿಗೆ, ಅಂದರೆ ಕಲಬುರಗಿಗೆ, ಮಾತು ಕೊಟ್ಟಿದ್ದರು. ಗೋದಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಕುದಿಸಿ, ಬಿಸಿಬಿಸಿ ಇರುವಾಗಲೇ ಒತ್ತಿ ಬಿಸಿಲಿಗೆ ಹಾಕುವ ಈ ಸಂಡಿಗೆ ಮೊದಲು ಮಾಡುವವರ ರೆಟ್ಟೆಯನ್ನು ಕೇಳುತ್ತದೆ, ಆಮೇಲೆ ಬಿಸಿಲನ್ನು ಕೇಳುತ್ತದೆ. ಅವರ ಬಾಲ್ಕನಿಗೆ ಬಿಸಿಲು ದೂರದ ನೆಂಟನ ಹಾಗೆ ಬಂದು, ಚಹಾ ಆಗುವುದರೊಳಗೆ ಎದ್ದು ಹೋಗುತ್ತಿತ್ತು. ಹಾಗಾಗಿ ಕುರಡಗಿಯೆಲ್ಲ ಐದನೆಯ ಅಂತಸ್ತಿನ ಮೇಲಿನ ಟೆರೇಸಿನಲ್ಲಿ. ಶಿವದೇವಿ ಅದನ್ನು ಮಾಳಗಿ ಎನ್ನುತ್ತಿದ್ದರು, ತವರುಮನೆಯವರು ಕೊಟ್ಟದ್ದು ಎನ್ನುವ ಧಾಟಿಯಲ್ಲಿ ಎನ್ನುತ್ತಿದ್ದರು.

ಎರಡು ದಿನ ಒಣಗಿ, ಇನ್ನೊಂದು ಬಿಸಿಲು ಬೇಕು ಎನ್ನುವ ಹದಕ್ಕೆ ಬಂದ ಕುರಡಗಿಯ ಕಾವಲಿಗೆ ಅವತ್ತು ಗಂಡನನ್ನು ನಿಲ್ಲಿಸಿದರು. ಕೈಗೆ ಒಂದು ಕೋಲು ಕೊಟ್ಟರು.

"ಕಾಗಿ ಕೂಡಬಾರದು, ಪಾರಿವಾಳ ಕೂಡಬಾರದು, ನೀವೂ ಕೂಡಬಾರದು. ಕೂತ್ರ ನಿಮಗ ನಿದ್ದಿ ಬರತೈತಿ."

ಶಿವಶರಣಪ್ಪನವರು ಕೂಡಲಿಲ್ಲ. ಅತ್ತಿಂದಿತ್ತ ಓಡಾಡಿದರು. ಅವರಿಗೆ ಅಂದು ಬೆಳಗಿನಿಂದ ಯಾಕೋ ಜೀವಕ್ಕೆ ಸಮಾಧಾನವಿರಲಿಲ್ಲ. ಅಷ್ಟರಲ್ಲಿ ಎರಡನೆಯ ಅಂತಸ್ತಿನ ವಿಶಾಲಾಕ್ಷಿಯವರು ಬಟ್ಟೆ ಒಣಹಾಕಲು ಬಂದು, ಸೀರೆಯಗಲ ಹರಡಿದ ಕುರಡಗಿ ನೋಡಿ ಗಲ್ಲಕ್ಕೆ ಕೈ ಹಚ್ಚಿದರು.

"ಎವರಿಕಂಡೀ ಇವನ್ನೀ?" ಎಂದರು. ಇವೆಲ್ಲ ಯಾರಿಗೆ ಎಂದು ಪ್ರಶ್ನೆ.

ಊರಿಗೆ ಎನ್ನುವುದು ಉತ್ತರ. ಶಿವಶರಣಪ್ಪನವರು ಸಿದ್ಧಾಂತವನ್ನು ಹೊರಗೆ ತೆಗೆದರು. 'ಗೆ' ತೆಗೆದು 'ಕೆ' ಹಾಕಿದರು, ರಾಗ ಎಳೆದರು.

"ಊರಿಕೇ ಅಂಡಿ," ಎಂದರು. ಎಲ್ಲಾ ಎನ್ನುವುದಕ್ಕೆ ತೆಲುಗಿನಲ್ಲಿ 'ಅಂತಾ' ಎಂದು ಮೊನ್ನೆಯಷ್ಟೇ ಕಲಿತಿದ್ದರು, ಅದನ್ನೂ ಸೇರಿಸಿದರು. "ಅಂತಾ ಊರಿಕೇ."

ವಿಶಾಲಾಕ್ಷಿಯವರು ಅವರ ಮುಖವನ್ನೇ ನೋಡಿದರು. "ನಿಜಂಗಾನಾ?"

"ನಿಜಂಗಾ," ಎಂದರು ಶಿವಶರಣಪ್ಪ. ಪಕ್ಕದವರ ಜೊತೆ ಅವರು ಇಷ್ಟು ಉದ್ದ ತೆಲುಗು ಮಾತಾಡಿದ್ದು ಅದೇ ಮೊದಲು. ಎದೆ ಉಬ್ಬಿತು. ಅದೇ ಉಬ್ಬಿನಲ್ಲಿ ಕೆಳಗೆ ಹೋಗಿ ಒಂದು ಚಹಾ ಕುಡಿದು ಬರೋಣ ಎನ್ನಿಸಿತು. ವಿಶಾಲಾಕ್ಷಿಯವರು ಇದ್ದಾರಲ್ಲ, ಕಾಗೆ ಬಂದರೆ ಓಡಿಸುತ್ತಾರೆ ಎಂದುಕೊಂಡು ಕೋಲನ್ನು ಗೋಡೆಗೆ ಆನಿಸಿ ಇಳಿದರು.

ಚಹಾ ಮುಗಿಸುವುದರೊಳಗೆ ಕರೆಂಟು ಹೋಯಿತು, ಲಿಫ್ಟು ನಿಂತಿತು. ಶಿವದೇವಿ ಬೈಯುತ್ತ ಮೆಟ್ಟಿಲು ಹತ್ತಿದರೆ, ಎದುರಿಗೆ ಒಬ್ಬೊಬ್ಬರೇ ಹೆಂಗಸರು ಸ್ಟೀಲ್ ಪರಾತಗಳಲ್ಲಿ ಕುರಡಗಿ ತುಂಬಿಕೊಂಡು ಇಳಿಯುತ್ತಿದ್ದರು. ಎಲ್ಲರೂ ಶಿವದೇವಿಗೆ ಕೈ ಮುಗಿದರು. ಇಂಥ ಗಂಡ ಸಿಗಲು ನೀವು ಪುಣ್ಯ ಮಾಡಿದ್ದಿರಿ ಎಂದು ಒಬ್ಬರು ಹಿಂದಿಯಲ್ಲೇ ಹೇಳಿದರು. ಮದುವೆಯಾದಾಗಿನಿಂದ ಈ ಮಾತನ್ನು ಯಾರೂ ಹೇಳಿರಲಿಲ್ಲವಾದ್ದರಿಂದ ಶಿವದೇವಿಗೆ ಅಲ್ಲೇ ಅನುಮಾನ ಬಂತು.

"ಏನಂದ್ರಿ ಅವರಿಗೆ?" ಎಂದು ಕೇಳಿದರು ಕೆಳಗೆ ಬಂದು.

"ಊರಿಗೆ ಅಂತಂದೆ. ತೆಲುಗಿನಾಗ."

"ಊರಿಕೇ ಅಂದ್ರ ತೆಲುಗಿನಾಗ ಪುಕ್ಕಟೆ ಅಂತ್ರಿ. ಈಗ ವಿಶಾಲಾಕ್ಷಿ ಅವರು ಹೇಳಿದ್ರು. ರಶ್ಮಿ ಮದಿವಿ ಕುರಡಗಿ ಪೂರಾ ಪುಕ್ಕಟೆ ಹಂಚೀರಿ ನೀವು." ಶಿವದೇವಿ ಸೆರಗು ಬಿಗಿದರು. "ಮನೀಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನೀವ ನೋಡ್ರಿ. ಹೋಗ್ರಿ, ಮನಿ ಮನಿ ತಿರುಗಿ ಕೇಳಿ ತೊಗೊಂಡು ಬರ್ರಿ."

ಕೊಟ್ಟದ್ದನ್ನು ತಿರುಗಿ ಕೇಳುವುದು ಹೇಗೆಂದು ಯಾವ ಭಾಷೆಯಲ್ಲೂ ಸರಿಯಾದ ಮಾತಿಲ್ಲ. ಶಿವಶರಣಪ್ಪನವರು ಖಾಲಿ ಪರಾತ ಹಿಡಿದು ಅಂತಸ್ತು ಅಂತಸ್ತು ಇಳಿದರು. ಪ್ರತಿ ಬಾಗಿಲಲ್ಲೂ ಅದೇ ಹಲ್ಕಿರಿತ, ಅದೇ ವಿವರಣೆ: ಊರಿಕೇ ಅಂದದ್ದು ಊರಿಕೇ ಅಲ್ಲ, ಊರಿಗೆ. ಕೇಳಿದವರಿಗೆ ಎರಡೂ ಒಂದೇ ಎನ್ನಿಸಿತು. ಪುಕ್ಕಟೆ ಅಂದರು, ಈಗ ಅಲ್ಲ ಅನ್ನುತ್ತಾರೆ, ಹೆಂಡತಿ ಗದರಿಸಿರಬೇಕು ಎಂದು ಎಲ್ಲರೂ ಅರ್ಥ ಮಾಡಿಕೊಂಡು ಕನಿಕರದಿಂದ ವಾಪಸು ಕೊಟ್ಟರು. ವಿಶಾಲಾಕ್ಷಿಯವರ ಮನೆಯಲ್ಲಿ ಮಾತ್ರ ಆಗಲೇ ಎಣ್ಣೆ ಕಾದಿತ್ತು. ಬುಟ್ಟಿ ತುಂಬ ಅರಳಿ ಕೂತಿದ್ದ ಬಿಳಿ ಕುರಡಗಿಯನ್ನು ನೋಡಿ ಶಿವಶರಣಪ್ಪನವರು ಕೇಳದೆಯೇ ತಿರುಗಿದರು.

ಅಲ್ಲೇ ಮೆಟ್ಟಿಲ ಮೇಲೆ ಸೆಕ್ರೆಟರಿ ಗೋಪಿನಾಥ ಸಿಕ್ಕರು. ಕೊರಳಿಗೆ ಟವೆಲು, ಕೈಯಲ್ಲಿ ಫೋನು, ಮುಖದ ತುಂಬ ಉತ್ಸಾಹ. ಅವರ ತೆಲುಗನ್ನು ನಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಕೇಳೋಣ.

"ಟರ್ಬೈನ್ ಸರ್, ನಿಮ್ಮನ್ನೇ ಹುಡುಕುತ್ತಿದ್ದೆ. ಸಾಯಂಕಾಲ ಪಾರ್ಕಿಂಗಿನಲ್ಲಿ ಮೀಟಿಂಗ್. ಯಶವಂತ ಸರ್ ಬರುತ್ತಾರೆ. ಅರ್ಕಜ್ಯೋತಿ ಫಂಡಿನ ಮಾಲೀಕರು, ಟಿವಿಯಲ್ಲಿ ನೋಡಿರುತ್ತೀರಿ. ನಮ್ಮ ಟೆರೇಸಿನ ಮೇಲೆ ಪೂರ್ತಿ ಸೋಲಾರ್ ಹಾಕುತ್ತಾರಂತೆ. ದಿಲ್ಲಿಯವರಿಗೆ ಇಂಧನ ನೀತಿ ಹೇಳಿಕೊಡುವವರು ನಮ್ಮ ಬಿಲ್ಡಿಂಗಿಗೆ ಬರುವುದೆಂದರೆ ಏನು ಸಣ್ಣ ಮಾತೇ. ನೀವು ಮುಂದಿನ ಕುರ್ಚಿಯಲ್ಲಿ ಕೂಡಬೇಕು. ಎನರ್ಜಿ ತಿಳಿದವರು ನಮ್ಮಲ್ಲಿ ನೀವೊಬ್ಬರೇ."

ಈ ಟರ್ಬೈನ್ ಸರ್ ಎನ್ನುವುದರ ಹಿಂದೆ ಒಂದು ಕತೆ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಶಿವಶರಣಪ್ಪನವರು ಕೆಲಸ ಮಾಡಿದ್ದು ಟರ್ಬೈನ್ ಕಾರಖಾನೆಯಲ್ಲಿ ನಿಜ, ಆದರೆ ಅದರ ಕ್ಯಾಂಟೀನಿನ ಉಗ್ರಾಣದಲ್ಲಿ. ತಿರುಗುವ ಯಂತ್ರದಲ್ಲಿ ಅವರಿಗೆ ಹತ್ತಿರದಿಂದ ಗೊತ್ತಿದ್ದದ್ದು ಹಿಟ್ಟಿನ ಗಿರಣಿ ಒಂದೇ. ಇಲ್ಲಿಗೆ ಬಂದ ಹೊಸದರಲ್ಲಿ ಗೋಪಿನಾಥರು ತಾವಾಗಿಯೇ ಇಂಜಿನಿಯರ್ ಎಂದುಕೊಂಡರು, ಇವರು ತಿದ್ದಲಿಲ್ಲ. ಹೋಗಲಿ ಬಿಡು, ಕೇಳಲು ಚೆನ್ನಾಗಿದೆ ಎನ್ನಿಸಿತ್ತು.

ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದರು. ಶಿವದೇವಿ ಒತ್ತುವ ಮಣೆಯನ್ನು ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ಮಾಳಗಿ ತುಂಬಾ ಪ್ಲೇಟು ಹಾಕಿದ್ರ ನನ್ನ ಕುರಡಗಿ ಎಲ್ಲಿ ಹಾಕಲಿ? ಇನ್ನ ಹಪ್ಪಳ ಐತಿ, ಶಾವಿಗಿ ಐತಿ."

"ಅದು ದೇಶದ ಸಲುವಾಗಿ ಅಂತ."

"ದೇಶಕ್ಕ ಬ್ಯಾರೆ ಕಡೆ ಬಿಸಿಲು ಇಲ್ಲೇನ್ರಿ? ಕೇಳ್ರಿ ಇಲ್ಲಿ. ಮುಂದಿನ ಕುರ್ಚ್ಯಾಗ ಕೂಡ್ತೀರಲ್ಲ, ಎದ್ದು ನಿಂತು ಕೇಳ್ರಿ ಅವನಿಗೆ, ಆ ಕರೆಂಟು ಯಾರಿಗೆ ಹೋಗತೈತಿ ಅಂತ. ಮಾಳಗಿ ಕೈ ಬಿಟ್ಟು ಹೋತು ಅಂದ್ರ ನಾ ಕುರಡಗಿ ಸಾಮಾನೆಲ್ಲಾ ಕಟಗೊಂಡು ಊರಿಗೆ ಹೋಗತೀನಿ. ರಶ್ಮಿ ಮದಿವಿ ಮುಗಿಯೋತನಾ ಬರಂಗಿಲ್ಲ. ನೀವು ಹೊರಗ ಉಂಡು ಇರ್ರಿ."

ಕ್ಯಾಂಟೀನಿನಲ್ಲಿ ಕೆಲಸ ಮಾಡಿದವರು ಹೊರಗೆ ಉಣ್ಣುವುದಿಲ್ಲ; ಸಾರಿನಲ್ಲಿ ಏನೇನು ಬೀಳುತ್ತದೆ ಎನ್ನುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಹೆಂಡತಿಯ ಜೋಳದ ರೊಟ್ಟಿ ಇಲ್ಲದೆ ಒಂದು ತಿಂಗಳು ಎಂದರೆ ಅದು ಅವರ ಪಾಲಿಗೆ ಸಣ್ಣ ಶಿಕ್ಷೆಯಲ್ಲ.

ಅಲ್ಲದೆ ಅವರಿಗೂ ಆ ಯಶವಂತನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ರಾತ್ರಿ ಟಿವಿಯಲ್ಲಿ ಆತ ದೇಶದ ಇಂಧನದ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡುವಾಗೆಲ್ಲ ಅವರಿಗೆ ತಮ್ಮ ಕ್ಯಾಂಟೀನಿನ ಒಬ್ಬ ಗುತ್ತಿಗೆದಾರ ನೆನಪಾಗುತ್ತಿದ್ದ. ಕಾರ್ಮಿಕರ ಆರೋಗ್ಯದ ಬಗ್ಗೆ ಇಡೀ ಕಾರಖಾನೆಯಲ್ಲಿ ಅವನಷ್ಟು ಚಿಂತೆ ಮಾಡಿದವರಿಲ್ಲ. ಮ್ಯಾನೇಜರರ ಮುಂದೆ ಕೂತು ನಾರಿನ ಅಂಶ, ಕಬ್ಬಿಣದ ಅಂಶ ಎಂದು ಗಂಟೆಗಟ್ಟಲೆ ಹೇಳುತ್ತಿದ್ದ. ಅವನು ಚಿಂತೆ ಮಾಡಿದ ವಾರವೆಲ್ಲ ಕ್ಯಾಂಟೀನಿನಲ್ಲಿ ಬದನೆಕಾಯಿ ಪಲ್ಯ. ಅವನು ಬದನೆಕಾಯಿ ವ್ಯಾಪಾರಿ. ದುಡ್ಡಿದ್ದವನು ದೇಶದ ಚಿಂತೆ ಹಚ್ಚಿಕೊಂಡರೆ ಅವನ ಗಾಡಿಯಲ್ಲಿ ಏನಿದೆ ನೋಡಬೇಕು ಎನ್ನುವುದು ಶಿವಶರಣಪ್ಪನವರು ಆ ಪಲ್ಯ ತಿಂದು ತಿಂದು ಕಲಿತ ವೇದಾಂತ.

ಸಾಯಂಕಾಲದ ತನಕ ಅವರಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕನ್ನಡಿಯ ಮುಂದೆ ಹಿಂದಿಯಲ್ಲಿ ಹೇಳಿ ನೋಡಿದರು, ಇಂಗ್ಲಿಷಿನಲ್ಲಿ ಹೇಳಿ ನೋಡಿದರು. ತೆಲುಗಿನಲ್ಲಿ ಹೇಳಿ ನೋಡುವ ಧೈರ್ಯ ಆಗಲಿಲ್ಲ. ಕರೆಂಟು ಬಂದು ಹೋಗಿ ಮಾಡುತ್ತಿತ್ತು, ಫ್ಯಾನು ಕೂಡ ಅವರ ಹಾಗೇ ನಿಂತು ನಿಂತು ತಿರುಗುತ್ತಿತ್ತು.

ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರುಗಳನ್ನು ಹೊರಗೆ ಹಾಕಿ ಕುರ್ಚಿ ಹಾಕಿಸಿದ್ದರು. ವಾಚ್‌ಮನ್ ಮಲ್ಲು ಬಾಡಿಗೆಯ ಮೈಕು ತಂದು ಕಟ್ಟಿದ್ದ. ಅದು ಒಮ್ಮೆ ಕಿರುಚುತ್ತಿತ್ತು, ಒಮ್ಮೆ ಗುಂಯ್ ಎನ್ನುತ್ತಿತ್ತು. 'ಗ' ಹೇಳಿದರೆ 'ಕ' ಕೇಳಿಸುವಂಥ ಮೈಕು. ಶಿವಶರಣಪ್ಪನವರನ್ನು ಗೋಪಿನಾಥರು ಕೈ ಹಿಡಿದು ತಂದು ಎದುರು ಸಾಲಿನಲ್ಲಿ, ಮೈಕಿನ ಪಕ್ಕದಲ್ಲೇ ಕೂಡಿಸಿದರು.

ಯಶವಂತರು ಬಂದರು. ನಲವತ್ತರ ಆಸುಪಾಸು, ಮಡಿಕೆ ಕಾಣದ ಬಿಳಿ ಅಂಗಿ, ಅಂಗಿಗಿಂತ ಬಿಳಿಯಾದ ಬೂಟು. "ಸರ್ ಬೆಂಗಳೂರಿನವರು, ತೆಲುಗು ಬರುವುದಿಲ್ಲ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ," ಎಂದು ಗೋಪಿನಾಥರು ಪರಿಚಯ ಮಾಡಿದರು. ಯಶವಂತರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ನಕ್ಕರು.

ವಿಶಾಲಾಕ್ಷಿಯವರು ಅತಿಥಿಯ ಮುಂದೆ ಒಂದು ಬುಟ್ಟಿ ಇಟ್ಟರು. ಅದರಲ್ಲಿ ಬೆಳಗಿನ ಕುರಡಗಿ. ಯಶವಂತರು ಒಂದು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ರಶ್ಮಿಯ ಮದುವೆಯ ಊಟ ಪರರ ಬಾಯಲ್ಲಿ ಕುರುಮ್ ಎನ್ನುವುದನ್ನು ಶಿವಶರಣಪ್ಪನವರು ಮುಂದಿನ ಸಾಲಿನಿಂದ ಕೇಳಿದರು.

ಭಾಷಣ ದೊಡ್ಡದಾಗಿತ್ತು. ದೇಶ ಇಂಧನಕ್ಕಾಗಿ ಪರದೇಶದ ಮುಂದೆ ಕೈಯೊಡ್ಡಬಾರದು. ಬಿಸಿಲು ನಮ್ಮದು, ಮಾಳಿಗೆ ನಮ್ಮದು. ಪ್ರತಿ ಮಾಳಿಗೆಯೂ ದೇಶಕ್ಕೆ ದುಡಿಯಬೇಕು ಎಂದು ನಾನು ದಿಲ್ಲಿಯಲ್ಲಿ ಹೇಳಿದೆ, ಅವರು ನೀತಿ ಮಾಡಿದರು. ನೀತಿ ಆದ ಮೇಲೆ ಯಾರಾದರೂ ಪ್ಲೇಟು ಹಾಕಬೇಕಲ್ಲ, ದೇಶಸೇವೆ ಎಂದು ನಮ್ಮ ಫಂಡೇ ಮುಂದೆ ಬಂತು. ನೀವು ಇಪ್ಪತ್ತೈದು ವರ್ಷಕ್ಕೆ ಟೆರೇಸು ಕೊಡಿ, ಉಳಿದದ್ದೆಲ್ಲ ನಮ್ಮ ಜವಾಬ್ದಾರಿ.

"ಬದನೀಕಾಯಿ," ಎಂದರು ಶಿವಶರಣಪ್ಪ.

ತಮ್ಮಷ್ಟಕ್ಕೆ ಅಂದದ್ದು. ಆದರೆ ಪಕ್ಕದಲ್ಲಿ ಮೈಕಿತ್ತು. ಬದನೆಕಾಯಿ ಪಾರ್ಕಿಂಗಿನ ನಾಲ್ಕೂ ಮೂಲೆಗೆ ಹೋಗಿ ತಿರುಗಿ ಬಂತು. ಎಲ್ಲರೂ ಅವರನ್ನೇ ನೋಡಿದರು. ಗೋಪಿನಾಥರು ಒಡನೆ ಎದ್ದು, "ಟರ್ಬೈನ್ ಸರ್‌ಗೆ ಏನೋ ಟೆಕ್ನಿಕಲ್ ಸಂದೇಹ ಇದೆ," ಎಂದು ಮೈಕನ್ನು ಅವರ ಬಾಯಿಗೇ ಹಿಡಿದರು.

ಶಿವಶರಣಪ್ಪನವರು ಎದ್ದು ನಿಂತರು. ಕನ್ನಡಿಯ ಮುಂದಿನ ಹಿಂದಿ ಹಾರಿಹೋಯಿತು, ಇಂಗ್ಲಿಷೂ ಅದರ ಹಿಂದೆಯೇ ಹೋಯಿತು. ಗಾಬರಿಯಲ್ಲಿ ಉಳಿಯುವುದು ತಾಯಿಯ ಮಾತೊಂದೇ.

"ಆ ಕರೆಂಟು ಯಾರಿಗೆ ಹೋಗತೈತ್ರಿ?" ಎಂದರು.

ಯಶವಂತರ ಮುಖ ಅರಳಿತು. "ಓ, ಕನ್ನಡದವರಾ? ಬಹಳ ಸಂತೋಷ ಸಾರ್. ಒಳ್ಳೆ ಪ್ರಶ್ನೆ." ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಶಿವಶರಣಪ್ಪನವರನ್ನು ಬಿಟ್ಟು ಸಭೆಯನ್ನು ನೋಡುತ್ತ, ನಿಧಾನವಾಗಿ ಹೇಳಿದರು: "ಊರಿಗೆ ಸಾರ್. ಊರಿಗೇ."

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂತರು. ಅರ್ಧ ಗಂಟೆಯ ಇಂಗ್ಲಿಷು ಎಬ್ಬಿಸಲಾರದವರನ್ನು ಒಂದೇ ಮಾತು ಎಬ್ಬಿಸಿತು.

"ಊರಿಕೇನಾ?" ಎಂದರು ವಿಶಾಲಾಕ್ಷಿಯವರು, ನಂಬಲಾರದೆ.

ಯಶವಂತರು ಆಕೆಗೆ ಕೈ ಮುಗಿದರು. "ಊರಿಗೇ ಅಮ್ಮ. ಅಂತಾ ಊರಿಗೇ."

ಚಪ್ಪಾಳೆಯ ಸದ್ದಿಗೆ ಮೇಲಿನ ಪಾರಿವಾಳಗಳು ಹಾರಿದವು. ಕರೆಂಟು ಪುಕ್ಕಟೆ. ಎಲ್ಲಾ ಪುಕ್ಕಟೆ. ಲಿಫ್ಟು, ಎಸಿ, ಗೀಸರು ಎಲ್ಲ ಪುಕ್ಕಟೆ. ಇನ್ನೊಮ್ಮೆ ಇಂಗ್ಲಿಷಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಬಹುದಿತ್ತು, ಆದರೆ ಪುಕ್ಕಟೆ ಸಿಕ್ಕದ್ದನ್ನು ಎರಡನೆಯ ಸಲ ಕೇಳಿ ಕೆಡಿಸಿಕೊಳ್ಳುವ ದಡ್ಡರು ಆ ಕಟ್ಟಡದಲ್ಲಿ ಇರಲಿಲ್ಲ.

ಇಡೀ ಸಭೆಯಲ್ಲಿ ವಿಷಯ ತಿಳಿದವರು ಶಿವಶರಣಪ್ಪನವರೊಬ್ಬರೇ. ಮಾಳಿಗೆ ಇವರದು, ಕರೆಂಟು ಊರಿನದು, ಊರಿಗೆ ಮಾರಿದ ಲಾಭ ಆತನದು. ಅವರು ಎರಡೂ ಕೈ ಮೇಲೆತ್ತಿ ಕೂಗಿದರು.

"ಪುಕ್ಕಟೆ ಅಲ್ರೀ. ಮುಫ್ತ್ ನಹೀಂ. ಅವರು ಊರಿಗೆ ಅಂದದ್ದು ಕನ್ನಡದಾಗ. ಊರಿಗೆ ಅಂದ್ರ ಸಿಟಿ ಕೋ. ನಿಮಗ ಏನೂ ಸಿಗಂಗಿಲ್ಲ."

ಗೋಪಿನಾಥರು ಅವರ ಹೆಗಲ ಮೇಲೆ ಕೈ ಇಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಶಿವಶರಣಪ್ಪ ಗಾರು, ಬೆಳಿಗ್ಗೆ ನೀವು ಕುರಡಗಿ ಊರಿಕೇ ಅಂದಿರಿ. ಆಮೇಲೆ ಮನೆಮನೆಗೆ ಬಂದು ಅದು ಊರಿಕೇ ಅಲ್ಲ ಅಂದಿರಿ, ವಾಪಸು ತೆಗೆದುಕೊಂಡು ಹೋದಿರಿ. ನಾವು ಏನಾದರೂ ಅಂದೆವಾ? ಈಗ ಅವರ ಕರೆಂಟನ್ನೂ ನೀವೇ ಊರಿಕೇ ಅಲ್ಲ ಅಂದರೆ ಹೇಗೆ? ಕೊಡುವವರಿಗೆ ಕೊಡಲು ಬಿಡಿ."

ನಗು ಹಬ್ಬಿತು. ಯಾರೋ ಒಬ್ಬರು, ಪಾಪ, ಮನೆಯಲ್ಲಿ ಬೈಸಿಕೊಂಡಿದ್ದಾರೆ ಎಂದರು. ಕೈ ಎತ್ತಿ ಒಪ್ಪಿಗೆ ಕೊಡಿ ಎಂದದ್ದೇ ತಡ, ಪಾರ್ಕಿಂಗಿನ ತುಂಬ ಕೈಗಳು ಎದ್ದವು. ಮತವಿಲ್ಲದ ಮಲ್ಲು ಕೂಡ ತನ್ನ ಕೋಣೆಯ ಬಲ್ಬನ್ನು ನೆನೆದು ಕೈ ಎತ್ತಿದ. ಶಿವಶರಣಪ್ಪನವರ ಎರಡೂ 'ಬೇಡ' ಕೈಗಳು ಇನ್ನೂ ಮೇಲೆಯೇ ಇದ್ದವು. ಗೋಪಿನಾಥರು ಅವನ್ನೂ ಒಪ್ಪಿಗೆಯಲ್ಲಿ ಸೇರಿಸಿಕೊಂಡರು.

ಯಶವಂತರು ಫೋನು ಬಂತೆಂದು ಎದ್ದು ಹೊರಗೆ ಹೋದರು. ಶಿವಶರಣಪ್ಪನವರು ಕುರ್ಚಿಯಲ್ಲಿ ಕುಸಿದು ಕೂತರು. ಮಾಳಿಗೆ ಹೋಯಿತು, ರೊಟ್ಟಿ ಹೋಯಿತು. ಹಾಗೆ ಕೂತಿದ್ದಾಗ ತಲೆಯೊಳಗೆ ಒಂದು ಮಾತು ಕಲ್ಲಿನ ಹರಳಿನ ಹಾಗೆ ಒತ್ತತೊಡಗಿತು. ಅಂತಾ ಊರಿಗೇ. ಕನ್ನಡದವನು 'ಎಲ್ಲಾ ಊರಿಗೇ' ಎನ್ನಬೇಕು. 'ಅಂತಾ' ತೆಲುಗು. ತೆಲುಗು ಬಾರದವನ ಬಾಯಿಗೆ ಅದು ಹೇಗೆ ಬಂತು?

ಅವರು ಎದ್ದು ಓಡಿದರು. ಪಾರ್ಕಿಂಗಿನ ಇಳಿಜಾರು ಏರಿ ಗೇಟಿನ ಹತ್ತಿರ ಬರುವಾಗ ಯಶವಂತರು ಕಾರಿಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಮಾತಾಡುತ್ತಿದ್ದುದು ತೆಲುಗು. ಎಂಥ ತೆಲುಗೆಂದರೆ ಗೋಪಿನಾಥರದ್ದು ಅದರ ಮುಂದೆ ಸಪ್ಪೆ.

"ನಿಮಗ ತೆಲುಗು ಬರತೈತಿ," ಎಂದರು ಶಿವಶರಣಪ್ಪ, ಏದುಸಿರು ಬಿಡುತ್ತ.

ಯಶವಂತರು ಫೋನು ಕಿಸೆಗೆ ಹಾಕಿಕೊಂಡರು. ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. "ನಮ್ದು ಮೂಲ ಬಳ್ಳಾರಿ ಸಾರ್. ಮನೇಲಿ ಕನ್ನಡ, ಓಣೀಲಿ ತೆಲುಗು. ಎರಡೂ ಬರದೇ ಇರುತ್ತಾ? ಅಂದ ಹಾಗೆ ಆ ಕುರಡಗಿ ಬಹಳ ಚೆನ್ನಾಗಿತ್ತು, ನಮ್ಮಮ್ಮ ಮಾಡಿದ ಹಾಗೇ ಇತ್ತು. ಎಲ್ಲಿ ಸಿಗುತ್ತೆ?"

"ಹಂಗಾದ್ರ ಅವರು ಪುಕ್ಕಟೆ ಅಂತ ತಿಳಕೊಳ್ಳಾಕತ್ತಾರ ಅನ್ನೋದು ನಿಮಗ ಗೊತ್ತಿತ್ತು."

"ನಾನು ಸುಳ್ಳು ಹೇಳಿದ್ನಾ? ಕರೆಂಟು ಯಾರಿಗೆ ಅಂತ ನೀವು ಕೇಳಿದ್ರಿ, ಊರಿಗೆ ಅಂದೆ. ಅಕ್ಷರಶಃ ನಿಜ. ಅವರಿಗೆ ಬೇಕಾದದ್ದನ್ನ ಅವರು ಕೇಳಿಸಿಕೊಂಡ್ರು." ಯಶವಂತರು ಮೆತ್ತಗೆ ನಕ್ಕರು. "ದಿಲ್ಲೀಲೂ ಅಷ್ಟೇ ಸಾರ್. ನಾನು 'ದೇಶಕ್ಕೆ' ಅಂತೀನಿ. ಒಬ್ಬೊಬ್ಬರಿಗೆ ಒಂದೊಂದು ಕೇಳಿಸುತ್ತೆ. ಎಲ್ಲರೂ ಚಪ್ಪಾಳೆ ಹೊಡೀತಾರೆ."

ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎನ್ನುವ ಗಾದೆ ಶಿವಶರಣಪ್ಪನವರಿಗೆ ನೆನಪಾಯಿತು, ಆದರೆ ಹೇಳುತ್ತ ನಿಲ್ಲಲು ಪುರಸೊತ್ತಿರಲಿಲ್ಲ. ಬಂದ ಇಳಿಜಾರಿನಲ್ಲೇ ತಿರುಗಿ ಓಡಿದರು. ಬಳ್ಳಾರಿ ಎನ್ನುವ ಒಂದೇ ಮಾತು ಸಾಕು, ಎಲ್ಲರ ಕಣ್ಣು ತೆರೆಯುತ್ತದೆ. ಹೋಗುತ್ತಲೇ ಹೇಳಬೇಕಾದದ್ದನ್ನು ಜೋಡಿಸಿಕೊಂಡರು: ಈತನಿಗೆ ತೆಲುಗು ಬರುತ್ತದೆ, ಬೇಕೆಂದೇ ಆ ಮಾತು ಆಡಿದ್ದಾನೆ, ಇಷ್ಟಾದರೂ ನೀವು ಮಾಳಿಗೆ ಕೊಡುವುದಾದರೆ ನಾನು ಈ ಕಟ್ಟಡದಲ್ಲೇ ಇರುವುದಿಲ್ಲ, ನಾನು ಊರಿಗೆ ಹೋಗುತ್ತೇನೆ.

ಅಷ್ಟರಲ್ಲಿ ಪಾರ್ಕಿಂಗಿನಲ್ಲಿ ಇನ್ನೊಂದು ವಿಷಯ ಎದ್ದಿತ್ತು. ಫಂಡಿನವರ ಒಂದು ಸಣ್ಣ ಷರತ್ತನ್ನು ಗೋಪಿನಾಥರು ಮೈಕಿನಲ್ಲಿ ಹೇಳಿದ್ದರು. ದಿನಾ ಬೆಳಗಾಗುವ ಮುಂಚೆ ಯಾರಾದರೂ ಒಬ್ಬರು ಮೇಲೆ ಹೋಗಿ ಪ್ಲೇಟುಗಳ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದು ಒರೆಸಬೇಕು. ಟೆರೇಸಿನ ಕೀಲಿ ಅವರೊಬ್ಬರ ಹತ್ತಿರ, ಬೇರೆ ಯಾರೂ ಹತ್ತುವಂತಿಲ್ಲ. ಇಷ್ಟು ಹೊತ್ತು ದೇಶಕ್ಕಾಗಿ ಎದ್ದಿದ್ದ ಕೈಗಳೆಲ್ಲ ಒಟ್ಟಿಗೆ ತೊಡೆಯ ಮೇಲೆ ಇಳಿದವು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ಯಾರಾದರೂ ಹೇಳಿ," ಎಂದು ಗೋಪಿನಾಥರು ಅಂಗಲಾಚುತ್ತಿದ್ದರು. "ಯಾರು ಮಾಡುತ್ತೀರಿ, ತಿಂಗಳಿಗೆ ಏನು ತೆಗೆದುಕೊಳ್ಳುತ್ತೀರಿ, ಹೇಳಿಬಿಡಿ."

ಆ ಗಳಿಗೆಗೆ ಸರಿಯಾಗಿ ಶಿವಶರಣಪ್ಪನವರು ಒಳಗೆ ನುಗ್ಗಿದರು. ಗೋಪಿನಾಥರ ಕೈಯಿಂದ ಮೈಕು ಕಿತ್ತುಕೊಂಡರು. ಬಾಯಿ ತೆರೆದರು. ಇಳಿಜಾರು ಏರಿ ಇಳಿದ ಉಸಿರು ಇನ್ನೂ ಹಿಂದೆಯೇ ಉಳಿದಿತ್ತು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಮೊದಲಿನವು ಗಂಟಲಲ್ಲೇ ನಿಂತು, ಕೊನೆಯವು ಎರಡು ಮಾತ್ರ ಹೊರಗೆ ಬಂದವು.

"ನಾನು... ಊರಿಗೇ," ಎಂದರು. ಸಾಲದೆಂದು ಎದೆ ತಟ್ಟಿಕೊಂಡು ಇನ್ನೊಮ್ಮೆ ಹೇಳಿದರು. "ನಾನು ಊರಿಗೇ!"

ಮೈಕು ತನ್ನ ಕೆಲಸ ಮಾಡಿತು. ನೇನು ಊರಿಕೇ. ನಾನು ಮಾಡುತ್ತೇನೆ, ಪುಕ್ಕಟೆ.

ಮೊದಲು ಎದ್ದು ನಿಂತವರು ವಿಶಾಲಾಕ್ಷಿಯವರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಗೋಪಿನಾಥರು ಶಿವಶರಣಪ್ಪನವರನ್ನು ಅಪ್ಪಿಕೊಂಡು ಬೆನ್ನು ತಟ್ಟಿದರು. "ಬೆಳಿಗ್ಗೆಯ ಕುರಡಗಿಯ ವಿಷಯದಲ್ಲಿ ನಿಮ್ಮನ್ನು ನಾವು ತಪ್ಪು ತಿಳಿದೆವು ಸರ್. ಎಷ್ಟು ದೊಡ್ಡ ಮನಸ್ಸು ನಿಮ್ಮದು."

"ಅಲ್ರೀ, ಹಂಗಲ್ಲ, ಊರಿಗೆ ಅಂದ್ರ ಪುಕ್ಕಟೆ ಅಲ್ಲ, ಕಲಬುರಗಿಗೆ..."

ಗೋಪಿನಾಥರು ಅವರ ಬಾಯಿಯ ಮುಂದೆ ಬೆರಳು ಇಟ್ಟರು. "ಬೇಡ. ಈ ಸಲ ವಾಪಸು ತೆಗೆದುಕೊಳ್ಳಬೇಡಿ. ಹೆಂಡತಿಗೆ ನಾನು ಹೇಳುತ್ತೇನೆ."

ಯಶವಂತರು ಯಾವಾಗಲೋ ಒಳಗೆ ಬಂದು ಬುಟ್ಟಿಯಲ್ಲಿ ಉಳಿದ ಕುರಡಗಿ ಮುರಿಯುತ್ತ ನಿಂತಿದ್ದರು. ಸಭೆಯಲ್ಲಿ ಎರಡೂ ಭಾಷೆ ಬಲ್ಲ ಮನುಷ್ಯ ಅವರೇ, ಎಲ್ಲವೂ ಅರ್ಥವಾಗಿತ್ತು. ಶಿವಶರಣಪ್ಪನವರು ಆಸೆಯಿಂದ ಅವರ ಕಡೆ ನೋಡಿದರು. ಯಶವಂತರು ಬಂದು ಕೈ ಕುಲುಕಿದರು.

"ಇಂಥ ತ್ಯಾಗ ದಿಲ್ಲೀಲೂ ನೋಡಿಲ್ಲ ಸಾರ್," ಎಂದರು ಕನ್ನಡದಲ್ಲಿ. ಕೈ ಬಿಡಿಸಿಕೊಂಡಾಗ ಶಿವಶರಣಪ್ಪನವರ ಅಂಗೈಯಲ್ಲಿ ಕುರಡಗಿಯ ಎಣ್ಣೆ ಇತ್ತು. ಅದರ ಮೇಲೆ ಮಲ್ಲು ತಂದು ಟೆರೇಸಿನ ಕೀಲಿ ಇಟ್ಟ.

ಲಿಫ್ಟು ಮತ್ತೆ ನಿಂತಿತ್ತು. ಅವರು ಒಂದೊಂದೇ ಮೆಟ್ಟಿಲು ಹತ್ತಿದರು. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಮುಗಿದರು, ಅವರೂ ಕೀಲಿ ಹಿಡಿದ ಕೈಯಲ್ಲೇ ಮುಗಿದರು.

ಶಿವದೇವಿ ನಡುಮನೆಯಲ್ಲಿ ಕೂತು ಉಳಿದ ಕುರಡಗಿಯನ್ನು ಡಬ್ಬಕ್ಕೆ ತುಂಬುತ್ತಿದ್ದರು. ಗಂಡನ ಮುಖ ನೋಡಿದರು, ಕೀಲಿ ನೋಡಿದರು.

"ಮಾಳಗಿ ಉಳೀತೇನ್ರಿ?"

"ಕೀಲಿ ಉಳೀತು."

"ಅಂದ್ರ?"

"ಮಾಳಗಿ ಅವರಿಗೆ. ನಾ ದಿನಾ ಮುಂಜಾನೆ ಎದ್ದು ಅವರ ಪ್ಲೇಟು ತೊಳೀಬೇಕು. ಬ್ಯಾರೆ ಯಾರೂ ಹತ್ತಂಗಿಲ್ಲ. ನೀನೂ."

ಶಿವದೇವಿ ಬೈಯಲಿಲ್ಲ. ಅದು ಶಿವಶರಣಪ್ಪನವರಿಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಕೀಲಿ ನಿಮ್ಮ ಕೈಯಾಗ, ಬಿಸಿಲು ಅವನ ಕೈಯಾಗ," ಎಂದರು ಆಕೆ. "ಇರಲಿ. ದಿನಾ ತೊಳೀತೀರಲ್ಲ, ಯಾರಿಗೆ?"

"ಊರಿಗೆ."

ಶಿವದೇವಿ ತುಂಬುವ ಕೈ ನಿಲ್ಲಿಸಿದರು. "ಯಾವ ಭಾಷಾದಾಗ?"

ಶಿವಶರಣಪ್ಪನವರು ಯೋಚಿಸಿ ನೋಡಿದರು. ಇಡೀ ದಿನದಲ್ಲಿ ಅವರು ಕೊಟ್ಟ ಸರಿಯಾದ ಉತ್ತರ ಇದೊಂದೇ.

"ಎರಡೂ ಭಾಷಾದಾಗ."

ಶಿವದೇವಿ ಡಬ್ಬದ ಮುಚ್ಚಳ ಒತ್ತಿ ಕೂಡಿಸಿದರು. ಎದ್ದು ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು, ಡಬ್ಬವನ್ನು ಅದರೊಳಗೆ ಇಟ್ಟರು. ಅದರ ಮೇಲೆ ತಮ್ಮ ಸೀರೆಗಳನ್ನು ಇಡತೊಡಗಿದರು.

"ಛಲೋ ಆತು," ಎಂದರು. "ನಾನೂ ಊರಿಗೆ. ಬರೇ ಕನ್ನಡದಾಗ."